ಹೊನ್ನಾರಿಗೆ ಹೊರಟ ಕೆಂಪು ಟ್ರ್ಯಾಕ್ಟರು

1981ನೇ ಇಸವಿಯಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸು ಇನ್ನೂ ಅರ್ಧ ಬಾಕಿ ಇತ್ತು. ಮೇಷ್ಟ್ರು ಮನೆಯ ತನಕ ಬಂದು ಹೇಳಿದರು, ಅವ್ವ ಅತ್ತಳು, ಅಪ್ಪ ಬಾರುಕೋಲು ಹುಡುಕಿದ. ನಾನು ಜಗ್ಗಲಿಲ್ಲ. ಕಾರಣ ಸರಳ. ಆ ವರ್ಷ ನಮ್ಮ ಮನೆಗೆ ಟ್ರ್ಯಾಕ್ಟರು ಬಂದಿತ್ತು. ಮನೆಯ ಮುಂದೆ ಅಂಥದೊಂದು ಕೆಂಪಗೆ ನಿಂತಿರುವಾಗ ಬೆಂಚಿನ ಮೇಲೆ ಕೂತು ಮೌರ್ಯರ ಆಡಳಿತ ಓದುವ ಮನಸ್ಸು ಯಾವ ಹುಡುಗನಿಗೆ ಬಂದೀತು?

ಅಲ್ಲಿಂದಾಚೆ ನಾನು ಕಲಿತದ್ದೆಲ್ಲ ಕೈಯಿಂದ, ಕಿವಿಯಿಂದ, ಮೂಗಿನಿಂದ. ಪಂಪ್‌ಸೆಟ್ಟು ಕೆಟ್ಟರೆ ನಾನೇ ಬಿಚ್ಚುತ್ತೇನೆ. ಮಿಕ್ಸಿ ಕೆಟ್ಟರೆ ನಾನೇ ಬಿಚ್ಚುತ್ತೇನೆ. ಬಿಚ್ಚಿದ್ದೆಲ್ಲ ಮತ್ತೆ ಕೂಡಿಕೊಂಡಿದೆಯೇ ಎಂಬುದು ಬೇರೆ ವಿಷಯ, ಅದನ್ನು ನನ್ನ ಹೆಂಡತಿ ಸಾಕಮ್ಮನನ್ನು ಕೇಳಬೇಡಿ. ಒಟ್ಟಿನಲ್ಲಿ ನಮ್ಮ ಮನೆಯ ಹೊಸ್ತಿಲನ್ನು ಈವರೆಗೆ ಒಬ್ಬ ಮೆಕ್ಯಾನಿಕ್ಕೂ ದಾಟಿಲ್ಲ. ದುಡಿದು ತಿನ್ನುವವನಿಗೆ ಇಷ್ಟಾದರೂ ಜಂಬ ಬೇಡವೇ?

ಟ್ರ್ಯಾಕ್ಟರಿನ ಬಗ್ಗೆ ಒಂದಿಷ್ಟು ಹೇಳಬೇಕು. ಅದು ಪರದೇಶದ್ದು. ಯಾವುದೋ ಎಸ್ಟೇಟಿನವರು ಹಳೆಯದಾಯಿತೆಂದು ಮಾರಿದ್ದನ್ನು ಅಪ್ಪ ಕೊಂಡು ತಂದಿದ್ದ. ನಮ್ಮ ಮನೆಗೆ ಬರುವಾಗಲೇ ಅದಕ್ಕೆ ಮೊಮ್ಮಕ್ಕಳಾಗುವ ವಯಸ್ಸು. ಈಗಿನ ಟ್ರ್ಯಾಕ್ಟರುಗಳ ಹಾಗೆ ಅದು ಡೀಸೆಲ್ ಕುಡಿಯುವುದಿಲ್ಲ. ಪೆಟ್ರೋಲು ಕುಡಿದು ಏಳಬೇಕು, ಎದ್ದು ಮೈ ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ದುಡಿಯಬೇಕು. ಅಪ್ಪ ಅದನ್ನು ಕೆಂಪಿ ಎಂದು ಕರೆಯುತ್ತಿದ್ದ. ಬೆಳಿಗ್ಗೆ ಅದರ ಮೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, "ಏಳವ್ವ, ಬಿಸ್ಲೇರ್ತು" ಎಂದು ಮೆಲ್ಲಗೆ ಹೇಳಿ, ಆಮೇಲೆ ಹ್ಯಾಂಡಲ್ ತಿರುಗಿಸುತ್ತಿದ್ದ. ಡುಗುಡುಗು ಡುಗುಡುಗು ಎಂದು ಎದ್ದು, ನಡುವೆ ಒಮ್ಮೆ ಉಸಿರು ಹಿಡಿದು, ಮತ್ತೆ ಡುಗುಡುಗು. ಆ ಉಸಿರು ಹಿಡಿಯುವ ಜಾಗದಿಂದಲೇ ಅದು ನಮ್ಮ ಕೆಂಪಿ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಅವ್ವ ಆ ಸದ್ದು ಕೇಳಿಯೇ ಮುದ್ದೆಗೆ ಎಸರಿಡುತ್ತಿದ್ದಳು.

ಶ್ರಾವಣದ ಶನಿವಾರ ಹೊಳೆ ದಂಡೆಯ ಮುತ್ತತ್ತಿ ಗುಡಿಗೆ ಹೋಗುತ್ತಿದ್ದುದೂ ಅದರ ಟ್ರೇಲರಿನಲ್ಲೇ. ಹುಲ್ಲು ಹಾಸಿ, ಹುಲ್ಲಿನ ಮೇಲೆ ಜಮಖಾನ ಹಾಸಿ, ಜಮಖಾನದ ಮೇಲೆ ನೆಂಟರನ್ನೆಲ್ಲ ಹಾಸಿ, ಅಪ್ಪ ಮುಂದೆ ತಟ್ಟೆಯಂಥ ಕಬ್ಬಿಣದ ಸೀಟಿನಲ್ಲಿ ರಾಜನ ಹಾಗೆ ಕೂರುತ್ತಿದ್ದ. ಆ ಸೀಟಿನ ಮೇಲೆ ಇನ್ಯಾರನ್ನೂ ಕೂರಿಸಿದವನಲ್ಲ. ನಾನು ಮೀಸೆ ಬಂದ ಮೇಲೂ ಮಡ್‌ಗಾರ್ಡಿನ ಮೇಲೆ ಕೂತು ಡ್ರೈವಿಂಗ್ ಕಲಿತವನು.

ಅಪ್ಪ ಹೋದ ಮೇಲೆ ಸೀಮೆಎಣ್ಣೆ ಸಿಗುವುದು ಕಷ್ಟವಾಯಿತು, ಬಾಡಿಗೆಗೆ ಬೇರೆ ಟ್ರ್ಯಾಕ್ಟರುಗಳು ಬಂದವು, ಕೆಂಪಿ ಹುಣಸೆಮರದ ಕೆಳಗಿನ ಶೀಟಿನ ಮಾಡಿನಲ್ಲಿ ನಿಂತುಬಿಟ್ಟಿತು. ಅದರ ಮೇಲೆ ಕೋಳಿ ಕಾವು ಕೂತದ್ದೂ ಉಂಟು.

ಹೀಗಿರುವಾಗ ಈ ವರ್ಷ ಹೊನ್ನಾರು ನನ್ನ ಹೆಸರಿಗೆ ಬಂತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಯುಗಾದಿಯ ದಿನ ಊರಿನಲ್ಲಿ ವರ್ಷದ ಮೊದಲ ಉಳುಮೆ ಆಗಬೇಕು. ಅದೇ ಹೊನ್ನಾರು. ಯಾರು ಉಳಬೇಕು, ಎತ್ತಿನ ಬಣ್ಣ ಯಾವುದಿರಬೇಕು ಎಂಬುದನ್ನು ಹಬ್ಬಕ್ಕೆ ಕೆಲವು ದಿನ ಮುಂಚೆಯೇ ಪೂಜಾರಿ ಪಂಚಾಂಗ ನೋಡಿ ಹೇಳುತ್ತಾನೆ. ಹೆಸರು ಬಂದವನು ಮೊದಲ ಸಾಲು ಹೊಡೆದ ಮೇಲೆಯೇ ಉಳಿದವರು ನೇಗಿಲು ಮುಟ್ಟುವುದು. ಅಪ್ಪ ಬದುಕಿರುವ ತನಕ ಪ್ರತಿ ವರ್ಷವೂ ಮಡಿ ಪಂಚೆ ಉಟ್ಟು ಗುಡಿಯ ಜಗಲಿಯ ಮೇಲೆ ಮೊದಲ ಸಾಲಿನಲ್ಲೇ ಕೂರುತ್ತಿದ್ದ. ಒಮ್ಮೆಯೂ ಅವನ ಹೆಸರು ಬರಲಿಲ್ಲ. "ಬತ್ತದೆ ಬುಡು, ಮುಂದಿನ್ ವರ್ಸ" ಎಂದು ಟವೆಲ್ಲು ಕೊಡವಿಕೊಂಡು ಏಳುತ್ತಿದ್ದ.

ಈ ಸಲ ಪೂಜಾರಿ ನಿಂಗಯ್ಯ ಕನ್ನಡಕ ಏರಿಸಿಕೊಂಡು, "ಪುಟ್‌ಸಾಮಿ ಎಸರ್ಗೆ ಬಂದದೆ ಕಣಪ್ಪ. ಎತ್ತು ಕೆಂಪು ಬಣ್ಣದ್ದಾಗ್ಬೇಕು" ಎಂದ.

ಜಗಲಿಯ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗ ನಮ್ಮೂರಲ್ಲಿ ಎತ್ತು ಕಟ್ಟಿರುವವನು ಒಬ್ಬನೇ, ನನ್ನ ದೊಡ್ಡಪ್ಪನ ಮಗ ಜವರ. ಅವನವು ಸುಣ್ಣ ಬಳಿದ ಗೋಡೆಯಷ್ಟು ಬೆಳ್ಳಗಿವೆ. ಎಲ್ಲರೂ ತಲೆ ಕೆರೆದುಕೊಳ್ಳುವಾಗ ನಾನು ಎದ್ದು ನಿಂತೆ.

"ಕೆಂಪೆತ್ತು ಇಲ್ದೆ ಇದ್ರೇನು? ನಮ್ಮಪ್ಪನ ಕೆಂಪಿ ಇಲ್ವಾ? ಅದ್ರಲ್ಲೇ ಒಡೀತೀನಿ ಹೊನ್ನಾರು."

ಜವರ ಬೀಡಿ ಬಾಯಿಂದ ತೆಗೆದ. "ಅದು ಉಸ್ರಾಡಿ ಯಾವ್ ಕಾಲ ಆಯ್ತ್ಲಾ?"

"ಉಸ್ರು ಅದೆ. ಎಬ್ಬುಸ್ಬೇಕು ಅಷ್ಟೆ."

"ಎಬ್ಬುಸ್ದಾಗ ಕೂಗು, ನಾನೂ ಬತ್ತೀನಿ. ಎತ್ತು ಇಡ್ಕಂಡೇ ಬತ್ತೀನಿ. ಬೇಕಾಯ್ತವೆ."

"ಬೇಕಾಗಾಕಿಲ್ಲ ಬುಡ್ಲಾ."

ಊರಿನ ಮುಂದೆ ಆಡಿದ ಮಾತು. ಇನ್ನು ಹಿಂದಕ್ಕೆ ಹೋಗುವಂತಿರಲಿಲ್ಲ. ಹೋಗುವ ಮನಸ್ಸೂ ಇರಲಿಲ್ಲ. ಅಪ್ಪನಿಗೆ ಸಿಗದ ಸಾಲನ್ನು ಅಪ್ಪನ ಟ್ರ್ಯಾಕ್ಟರಿನಲ್ಲಿ ಹೊಡೆಯುವುದೆಂದರೆ ಸಣ್ಣ ವಿಷಯವೇ? ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಎದೆ ಒಂದು ಗೇಣು ಮುಂದೆ ನಡೆಯುತ್ತಿತ್ತು.

ಕೋಳಿಯನ್ನು ಎಬ್ಬಿಸಿ, ಕೆಂಪಿಯ ಮೈ ತೊಳೆದು, ಒಂದು ಸಾಲಿಗೆ ಸೀಮೆಎಣ್ಣೆ ಯಾಕೆಂದು ಟ್ಯಾಂಕಿಗೆ ಪೆಟ್ರೋಲನ್ನೇ ಹಾಕಿದೆ. ಹಾಕಿದ್ದು ಮೇಲಿನಿಂದ. ಬಂದದ್ದು ಕೆಳಗಿನಿಂದ.

ಸಾಕಮ್ಮ ಬಗ್ಗಿ ನೋಡಿದಳು. "ಇದ್ಯಾಕೆ ಎಳೇ ಕೂಸಿನಂಗೆ ನಿಂತಲ್ಲೇ ಉಯ್ಕತದೆ?"

"ಕಾರ್ಬುರೇಟರ್ ಸೋರ್ತಾ ಅದೆ ಕಣೆ. ಚಿಕ್ಕ ಕೆಲ್ಸ. ನೀನು ಕಾಪಿ ಕಾಯಿಸಿ ತರೋವಷ್ಟ್ರಲ್ಲಿ ಆಯ್ತದೆ."

ಆ ಕಾಫಿ ಆರಿತು. ಅದರ ನಂತರದ ಕಾಫಿಗಳೂ ಆರಿದವು.

ಕಾರ್ಬುರೇಟರ್ ಎಂಬುದು ದೊಡ್ಡ ಹೆಸರಿನ ಸಣ್ಣ ಪಾತ್ರೆ. ಟ್ಯಾಂಕಿನಿಂದ ಇಳಿದ ಪೆಟ್ರೋಲು ಮೊದಲು ಅದರ ಬಟ್ಟಲಿನಲ್ಲಿ ನಿಲ್ಲುತ್ತದೆ. ಬಟ್ಟಲೊಳಗೆ ಹಿತ್ತಾಳೆಯ ಟೊಳ್ಳು ಗುಂಡೊಂದು ಇರುತ್ತದೆ. ಪೆಟ್ರೋಲು ತುಂಬುತ್ತಾ ಬಂದಂತೆ ಗುಂಡು ತೇಲಿ ಮೇಲೆ ಬಂದು ಸೂಜಿಯಂಥದೊಂದನ್ನು ಒತ್ತಿ ದಾರಿ ಮುಚ್ಚುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಚೆಂಡು ಇರುವುದಿಲ್ಲವೇ, ಹಾಗೆಯೇ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು ಎಂಬುದನ್ನು ದಯವಿಟ್ಟು ಗಮನದಲ್ಲಿಡಿ.

ಬಟ್ಟಲು ಬಿಚ್ಚಿ ಗುಂಡನ್ನು ಕೈಗೆತ್ತಿಕೊಂಡೆ. ನಾನು ತೆಂಗಿನಕಾಯಿ ವ್ಯಾಪಾರದವನು. ಮದ್ದೂರಿನ ಮಂಡಿಯಲ್ಲಿ ನನ್ನ ಕಾಯಿಯನ್ನು ಯಾರೂ ಎರಡನೇ ಸಲ ಪರೀಕ್ಷೆ ಮಾಡುವುದಿಲ್ಲ. ದುಂಡಗಿನದು ಏನೇ ಕೈಗೆ ಬಂದರೂ ಅದು ತಾನಾಗಿ ನನ್ನ ಕಿವಿಯ ಹತ್ತಿರ ಹೋಗುತ್ತದೆ. ಗುಂಡೂ ಹೋಯಿತು. ಆಡಿಸಿದೆ. ಗುಳುಗುಳು ಅಂದಿತು. ನೀರಾಡುವ ಕಾಯಿ ಗಟ್ಟಿ ಕಾಯಿ. ಬಿರುಕು ಬಿಟ್ಟದ್ದರಲ್ಲಿ ನೀರು ಎಲ್ಲಿ ನಿಲ್ಲುತ್ತದೆ? ಬಹಳ ಸಂತೋಷವಾಯಿತು.

"ಗುಂಡು ಬೊಂಬಾಟಾಗದೆ" ಎಂದು ಸಾಕಮ್ಮನಿಗೆ ವರದಿ ಒಪ್ಪಿಸಿ, ಅದನ್ನು ಒರೆಸಿ ಜೋಪಾನವಾಗಿ ಪಕ್ಕಕ್ಕಿಟ್ಟೆ. ಸೋರಿಕೆಯ ತಪ್ಪು ಬೇರೆ ಯಾರದೋ ಆಗಿರಬೇಕು. ತನಿಖೆ ಮುಂದುವರಿಸಿದೆ.

ಮೊದಲ ಅನುಮಾನ ಪ್ಯಾಕಿಂಗಿನ ಮೇಲೆ ಬಂತು. ಬಟ್ಟಲಿಗೂ ಮುಚ್ಚಳಕ್ಕೂ ನಡುವೆ ಇರುವ ದಪ್ಪ ಕಾಗದದ ಪಟ್ಟಿ ಅದು. ಹಳೆಯದು ಹಪ್ಪಳದ ಹಾಗೆ ಮುರಿದು ಬಂತು. ಹೊಸದನ್ನು ತರಲು ಮಂಡ್ಯಕ್ಕೆ ಹೋದೆ. ಅಂಗಡಿಯವನು ಹಳೆಯ ತುಂಡನ್ನು ಬೆಳಕಿಗೆ ಹಿಡಿದು, "ಯಜಮಾನ್ರೇ, ಇದು ಯಾವ ಗಾಡಿದು?" ಎಂದ. ಹೇಳಿದೆ. ಅವನು ಎದ್ದು ನಿಂತು ತುಂಡನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟ. "ನಮ್ಮ ತಾತ ಇದ್ದಿದ್ರೆ ಗೊತ್ತಿರ್ತಿತ್ತು" ಎಂದ.

ಸರಿ, ನಾನೇ ಮಾಡುತ್ತೇನೆ ಎಂದುಕೊಂಡು ಮನೆಗೆ ಬಂದು ದಪ್ಪ ಕಾಗದ ಹುಡುಕಿದೆ. ಗೂಡಿನಲ್ಲಿ ಒಂದು ಮದುವೆ ಪತ್ರಿಕೆ ಇತ್ತು. ಒಳ್ಳೆಯ ದಪ್ಪ, ನುಣುಪು, ಮೇಲೆ ಬಂಗಾರದ ಬಣ್ಣದ ಗಣೇಶ. ಬಟ್ಟಲನ್ನು ಅದರ ಮೇಲೆ ಬೋರಲು ಹಾಕಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಕತ್ತರಿಸಿದೆ. ಎಷ್ಟು ಚೆನ್ನಾಗಿ ಕೂತಿತೆಂದರೆ ಯಾರಿಗಾದರೂ ತೋರಿಸಬೇಕೆನಿಸಿತು. ಸಾಕಮ್ಮನನ್ನು ಕರೆದು ತೋರಿಸಿದೆ. ಅದೇ ತಪ್ಪಾಯಿತು.

"ಇದು ನಮ್ಮಣ್ಣನ ಮಗಳ ಮದ್ವೆ ಪತ್ರಿಕೆ ಅಲ್ವಾ?"

"ಆಗೋಗಿರೋದು ಅಂದ್ಕಂಡೆ."

"ಯುಗಾದಿ ಆದ್ ಮೇಲೆ ಮದ್ವೆ. ಯಾವ್ ಛತ್ರ ಅಂತ ಅದ್ರಲ್ಲೇ ಇತ್ತು."

ಛತ್ರದ ಹೆಸರಿದ್ದ ಜಾಗದಲ್ಲಿ ಈಗ ದುಂಡನೆಯ ತೂತು ಇತ್ತು. ಅವಳು ಮಳವಳ್ಳಿಯ ಅಣ್ಣನಿಗೆ ಫೋನು ಮಾಡಿದಳು. ಸ್ಪೀಕರಿನಲ್ಲಿ ಮಾತಾಡುವುದು ಅವಳ ಅಭ್ಯಾಸ, ಹಾಗಾಗಿ ನನಗೂ ಕೇಳಿಸಿತು.

"ಅಣ್ಣ, ಮದ್ವೆ ಯಾವ್ ಛತ್ರದಲ್ಲಿ?"

"ಮನೆತಂಕ ಬಂದು ಪತ್ರಿಕೆ ಕೊಟ್ಟಿವ್ನಲ್ಲವ್ವ."

"ಅದು ಟ್ಯಾಕ್ಟ್ರೊಳೀಕೆ ಓಗದೆ."

ಆ ಕಡೆ ಫೋನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹೋದ ಸದ್ದಾಯಿತು. ಆಮೇಲೆ ಭಾವಮೈದ, "ಭಾವ ಉಸಾರಾಗವ್ರಾ?" ಎಂದು ಕೇಳಿದ.

ಇಷ್ಟೆಲ್ಲ ತ್ಯಾಗ ಮಾಡಿದ ಪ್ಯಾಕಿಂಗು ಸೋರಿಕೆಯನ್ನು ನಿಲ್ಲಿಸಿತೇ? ನಿಲ್ಲಿಸಲಿಲ್ಲ. ಮೊದಲು ಒಂದೇ ಕಡೆ ತೊಟ್ಟಿಕ್ಕುತ್ತಿದ್ದದ್ದು ಈಗ ಗಣೇಶನ ಎರಡೂ ಕಿವಿಗಳ ಕಡೆಯಿಂದ ತೊಟ್ಟಿಕ್ಕತೊಡಗಿತು.

ಮುಂದಿನ ಮದ್ದು ಸೋಪು. ಪೆಟ್ರೋಲು ಟ್ಯಾಂಕು ಸೋರಿದರೆ ಸೋಪು ತಿಕ್ಕುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಬಚ್ಚಲಿನಲ್ಲಿದ್ದ ಹೊಸ ಮೈಸೋಪನ್ನೇ ತಂದು ಬಟ್ಟಲಿನ ಸುತ್ತ ತಿಕ್ಕಿದೆ. ಮಾಡಿನ ತುಂಬ ಗಂಧದ ಪರಿಮಳ. ಸೋರಿಕೆ ಮಾತ್ರ ಇದ್ದ ಹಾಗೇ ಇತ್ತು. ಅವತ್ತು ನಾನು ಸ್ನಾನವನ್ನು ಬರೀ ನೀರಿನಲ್ಲಿ ಮಾಡಿದೆ.

ಆಗ ನನಗೆ ನೆನಪಾದದ್ದು ಬೆಲ್ಲ ಸುಣ್ಣ. ಬೆಲ್ಲ ಕಾಯಿಸುವ ಸೀಮೆಯವನಿಗೆ ಇದು ಇಷ್ಟು ತಡವಾಗಿ ಹೊಳೆದದ್ದೇ ಆಶ್ಚರ್ಯ. ಕಾಲು ಉಳುಕಿದರೂ ಬೆಲ್ಲ ಸುಣ್ಣ, ಗುಡಾಣ ಬಿರಿದರೂ ಬೆಲ್ಲ ಸುಣ್ಣ. ಎರಡನ್ನೂ ಅಂಗೈಯಲ್ಲಿ ಕಲಸಿ ಬಟ್ಟಲಿನ ಸುತ್ತ, ಬೋಲ್ಟಿನ ಸುತ್ತ, ಎಲ್ಲೆಲ್ಲಿ ಸಂದಿ ಕಂಡಿತೋ ಅಲ್ಲೆಲ್ಲ ಮೆತ್ತಿದೆ. ಬಿಸಿಲಿಗೆ ಕಲ್ಲಿನಂತೆ ಗಟ್ಟಿಯಾಯಿತು. ಪೆಟ್ರೋಲು ಬಿಟ್ಟೆ. ಕೆಳಗಿನಿಂದ ಒಂದು ಹನಿಯೂ ಬರಲಿಲ್ಲ.

ನಾನು ಸಾಕಮ್ಮನನ್ನು ಕೂಗಿದೆ. ಅವಳು ಬಂದು ನಿಂತಳು. ಇಬ್ಬರೂ ನೋಡುತ್ತಿದ್ದಂತೆ, ಕೆಳಗಿನ ದಾರಿ ಮುಚ್ಚಿದೆಯೆಂದು ತಿಳಿದ ಪೆಟ್ರೋಲು ಮೇಲಿನ ದಾರಿ ಹುಡುಕಿಕೊಂಡು, ಗಾಳಿ ಒಳಗೆ ಹೋಗುವ ಕೊಳವೆಯಿಂದ ನಿಧಾನವಾಗಿ, ಮರ್ಯಾದೆಯಿಂದ, ಹೊರಗೆ ಇಳಿಯತೊಡಗಿತು.

"ಮದ್ಲು ಕೆಳಗೆ ಉಯ್ಕತಿತ್ತು. ಈಗ ವಾಂತಿ ಮಾಡ್ಕತದೆ" ಎಂದಳು ಸಾಕಮ್ಮ. "ಮಂಡ್ಯದಿಂದ ಯಾರ್ನಾದ್ರೂ ಕರ್ಕಂಬನ್ನಿ."

"ನಮ್ಮಪ್ಪನ ಗಾಡೀನ ಇನ್ನೊಬ್ರು ಮುಟ್ಟಂಗಿಲ್ಲ."

"ನಿಮ್ಮಪ್ಪ ಇದ್ದಿದ್ರೆ ಮದ್ಲು ನಿಮ್ಮನ್ನ ಮುಟ್ಟುಸ್ತಿರ್ಲಿಲ್ಲ."

ಈ ಮಾತಿನಲ್ಲಿ ಸತ್ಯವಿತ್ತು. ಆದ್ದರಿಂದ ನಾನು ಸ್ಪ್ಯಾನರು ಹುಡುಕಲು ಕೆಂಪಿಯ ಕೆಳಗೆ ಬಗ್ಗಿದೆ.

ಮರುದಿನ ಬೆಳಿಗ್ಗೆ ನೋಡಿದರೆ ಬೆಲ್ಲದ ವಾಸನೆಗೆ ನಮ್ಮೂರಿನ ಇರುವೆಗಳೆಲ್ಲ ಸಾಲಾಗಿ ಟಯರು ಹತ್ತಿ ಕೆಂಪಿಯ ದರ್ಶನಕ್ಕೆ ಬಂದಿದ್ದವು. ಪೆಟ್ರೋಲಿನ ವಾಸನೆಗೆ ಅರ್ಧ ದಾರಿಯಲ್ಲಿ ನಿಂತು, ಬೆಲ್ಲವನ್ನೂ ಬಿಡಲಾಗದೆ, ಹತ್ತಿರವೂ ಹೋಗಲಾಗದೆ ಒದ್ದಾಡುತ್ತಿದ್ದವು. ಆ ಹೊತ್ತಿಗೆ ನನ್ನ ಸ್ಥಿತಿಯೂ ಅದೇ.

ಯುಗಾದಿಗೆ ಇನ್ನೊಂದು ದಿನ ಉಳಿದಿತ್ತು. ಆಗ ನಾನು ಅಂತಿಮ ತೀರ್ಮಾನಕ್ಕೆ ಬಂದೆ. ಸೋರಿದರೆ ಸೋರಲಿ. ಹೊಡೆಯಬೇಕಾದ್ದು ಒಂದೇ ಸಾಲು. ಕಾರ್ಬುರೇಟರಿನ ಕೆಳಗೆ ಒಂದು ಡಬ್ಬ ಕಟ್ಟಿದರೆ ಸೋರಿದ್ದು ಅದರಲ್ಲಿ ಬೀಳುತ್ತದೆ, ಬಿದ್ದದ್ದನ್ನು ಟ್ಯಾಂಕಿಗೆ ಹಾಕಿದರಾಯಿತು. ಅಡುಗೆಮನೆಗೆ ಹೋಗಿ ಹಾಲಿನ ಕ್ಯಾನಿಗೆ ಕೈ ಹಾಕಿದೆ. ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಕ್ಯಾನು ಬಿಟ್ಟು ಖಾಲಿ ಎಣ್ಣೆ ಡಬ್ಬ ತೆಗೆದುಕೊಂಡೆ. ಅದನ್ನು ತಂತಿಯಿಂದ ಬಿಗಿದು, ಬೆಲ್ಲ ಸುಣ್ಣವನ್ನೆಲ್ಲ ಕೆತ್ತಿ ತೆಗೆದು, ಒದ್ದೆ ಬಟ್ಟೆಯಿಂದ ಕೆಂಪಿಯ ಮೂತಿ ಒರೆಸಿದೆ. ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, "ಏಳವ್ವ, ಬಿಸ್ಲೇರ್ತು" ಎಂದೆ. ಹ್ಯಾಂಡಲ್ ತಿರುಗಿಸಿದೆ. ಮತ್ತೆ ತಿರುಗಿಸಿದೆ. ಹ್ಯಾಂಡಲ್ ಒಮ್ಮೆ ಹಿಂದಕ್ಕೆ ಒದ್ದು ನನ್ನನ್ನು ಸಗಣಿಗುಡ್ಡೆಯ ತನಕ ಕಳಿಸಿತು. ಎದ್ದು ಬಂದು ಇನ್ನೊಮ್ಮೆ ತಿರುಗಿಸಿದೆ.

ಡುಗುಡುಗು ಡುಗುಡುಗು. ಉಸಿರು ಹಿಡಿಯಿತು. ಮತ್ತೆ ಡುಗುಡುಗು.

ಮಾಡಿನ ಶೀಟು ನಡುಗಿ ವರ್ಷಗಳ ಧೂಳು ನನ್ನ ತಲೆಯ ಮೇಲೆ ಸುರಿಯಿತು. ನಾನು ಅಲುಗಾಡದೆ ನಿಂತಿದ್ದೆ. ಆ ಹೊಗೆಯ ವಾಸನೆಯಲ್ಲಿ ಅಪ್ಪನ ಟವೆಲ್ಲು, ಅವ್ವನ ಎಸರು, ಮುತ್ತತ್ತಿಯ ಮರಳು ಎಲ್ಲ ಇದ್ದವು. ಅಂಗಳ ಗುಡಿಸುತ್ತಿದ್ದ ಸಾಕಮ್ಮ ಪೊರಕೆ ಹಿಡಿದುಕೊಂಡೇ ಓಡಿ ಬಂದಳು. ಬಂದವಳು ತಲೆಯ ಮೇಲೆ ಸೆರಗು ಎಳೆದುಕೊಂಡಳು. ನಮ್ಮಪ್ಪ ಎದುರಿಗೆ ಬಂದಾಗ ಹಾಗೆ ಎಳೆದುಕೊಳ್ಳುತ್ತಿದ್ದಳು.

"ಮಾವ ಒಲದಿಂದ ಬಂದಂಗಾಯ್ತು" ಎಂದಳು. ಅಷ್ಟೇ ಹೇಳಿ ಮತ್ತೆ ಅಂಗಳ ಗುಡಿಸಲು ಹೋದಳು.

ಇನ್ನು ನನ್ನನ್ನು ಹಿಡಿಯುವವರು ಯಾರು?

ಯುಗಾದಿಯ ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಂಡು, ಬೇವು ಬೆಲ್ಲ ತಿಂದು, ಕೆಂಪಿಗೆ ಮಾವಿನ ತೋರಣ, ಚೆಂಡುಹೂವಿನ ಹಾರ ಹಾಕಿ ಹೊಲಕ್ಕೆ ಹೊರಟೆ. ಅಪ್ಪನ ಸೀಟಿನಲ್ಲಿ ನಾನು. ಹಿಂದೆ ಊರು. ಸದ್ದು ಕೇಳಿ ಮುದುಕರೆಲ್ಲ ಜಗಲಿಗೆ ಬಂದು ನಿಂತರು. "ಸಣ್‌ತಮ್ಮಣ್ಣನ ಕೆಂಪಿ ಕಣ್ಲಾ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳುವುದು ಕೇಳಿಸಿತು. ಅಪ್ಪನ ಹೆಸರು ಬೀದಿಯಲ್ಲಿ ಕೇಳಿ ಬಹಳ ಕಾಲವಾಗಿತ್ತು. ಕೊಕ್ಕರೆಗಳಿಗೇ ಹೆಸರಾದ ಬೆಳ್ಳೂರಿನ ಕಡೆಯ ಹಕ್ಕಿಗಳು ತಲೆಯ ಮೇಲೆ ಹಾರಿ ಹೋದವು. ಅವುಗಳಿಗೂ ಕೈ ಬೀಸಿದೆ. ಜವರ ಹೇಳಿದ ಹಾಗೆಯೇ ಎತ್ತು ಹಿಡಿದುಕೊಂಡು ಬಂದಿದ್ದ. ಅವನಿಗೆ ಮಾತ್ರ ಬೀಸಲಿಲ್ಲ.

ಹೊಲದ ಮೂಲೆಯಲ್ಲಿ ಜವರನ ಮರದ ನೇಗಿಲನ್ನು ಪೂಜೆಗೆ ಇಟ್ಟಿದ್ದರು. ಹೊನ್ನಾರಿಗೆ ನೇಗಿಲು ಮರದ್ದೇ ಆಗಬೇಕು. ಅದನ್ನು ಕೆಂಪಿಯ ಹಿಂದೆ ಹಗ್ಗದಿಂದ ಕಟ್ಟಿಕೊಂಡು, ನಾನು ಇಳಿದು ಮೇಣಿ, ಅಂದರೆ ನೇಗಿಲಿನ ಹಿಡಿಕೆ, ಹಿಡಿಯುವುದು, ಕೆಂಪಿಯನ್ನು ಯಾರಾದರೂ ನಿಧಾನ ನಡೆಸುವುದು ಎಂದು ಮಾತಾಗಿತ್ತು. ನಿಂಗಯ್ಯ ನೇಗಿಲಿಗೆ ಕುಂಕುಮ ಇಟ್ಟ, ಕಾಯಿ ಒಡೆದ, ತಟ್ಟೆಯಲ್ಲಿ ಕರ್ಪೂರ ಹಚ್ಚಿದ. ನೇಗಿಲಿಗೆ ಬೆಳಗಿ, ಗಂಟೆ ಬಾರಿಸುತ್ತಾ ಕೆಂಪಿಯ ಕಡೆ ಹೊರಟ.

ನಾನು ಸೀಟಿನ ಮೇಲಿಂದ ಕೈಮುಗಿದು ಕಣ್ಣು ಮುಚ್ಚಿದ್ದೆ. ಮೂಗು ಮುಚ್ಚಿರಲಿಲ್ಲ. ಗಮ್ಮೆಂದು ಪೆಟ್ರೋಲಿನ ವಾಸನೆ ಹೊಡೆಯಿತು. ಬಗ್ಗಿ ನೋಡಿದರೆ ದಾರಿಯ ಕುಲುಕಾಟಕ್ಕೆ ಡಬ್ಬ ತುಂಬಿ ತುಳುಕಿ, ಕೆಂಪಿಯ ಕೆಳಗಿನ ಮಣ್ಣೆಲ್ಲ ಒದ್ದೆಯಾಗಿತ್ತು. ಎದುರಿಗೆ ನಿಂಗಯ್ಯ, ಕೈಯಲ್ಲಿ ಗೇಣುದ್ದದ ಉರಿ.

ಎಂಜಿನ್ ಆರಿಸಿ ಕೆಳಗೆ ಹಾರಿದೆ. "ನಿಂಗಯ್ಯ, ಅಲ್ಲೇ ನಿಂತ್ಕೊ. ಬೆಂಕಿ ತರ್ಬ್ಯಾಡ."

"ಎತ್ತಿದ್ ಮಂಗಳಾರತಿ ನಿಲ್ಸಂಗಿಲ್ಲ ಕಣಪ್ಪ."

"ನಿಲ್ಸ್‌ದೆ ಓದ್ರೆ ನಾವೆಲ್ಲ ಒಟ್ಗೇ ಮೇಲ್ಕೋಯ್ತೀವಿ."

ಅವನಿಗೆ ಆಗ ವಾಸನೆ ಬಡಿಯಿತು. ತಟ್ಟೆಯನ್ನು ತಲೆಯ ಮೇಲೆತ್ತಿ ಹಿಂದಕ್ಕೆ ಹೆಜ್ಜೆ ಹಾಕಿದ. ಅವನ ಹಿಂದಿದ್ದ ಜನವೂ ಹಿಂದಕ್ಕೆ. ಒಬ್ಬರ ಕಾಲು ಒಬ್ಬರು ತುಳಿಯುತ್ತಾ ಇಡೀ ಊರು ಬದು ದಾಟಿ ಪಕ್ಕದ ಹೊಲಕ್ಕೆ ಹೋಗಿ ನಿಂತಿತು. ಅಲ್ಲಿಂದಲೇ ನಿಂಗಯ್ಯ ಆರತಿ ಬೆಳಗಿದ. ಅವನಿಗೂ ಕೆಂಪಿಗೂ ನಡುವೆ ಜವರನ ಎತ್ತುಗಳು ನಿಂತಿದ್ದವು. ಬೆಳಗಿದ್ದೆಲ್ಲ ಅವುಗಳ ಪಾಲಾಯಿತು. ಎತ್ತುಗಳು ಬಹಳ ಗಂಭೀರವಾಗಿ ಸ್ವೀಕರಿಸಿದವು.

"ಸಾಲು ಮುಗಿಯೋಗಂಟ ಹೊಲದ ಮೂಲೇಲಿ ದೀಪ ಉರೀಬೇಕು" ಎಂದ ನಿಂಗಯ್ಯ ಬದುವಿನ ಆಚೆಯಿಂದ. "ದೀಪ ಬೇಕೋ, ನಿನ್ ಟ್ಯಾಕ್ಟ್ರು ಬೇಕೋ ನೋಡು. ಎಲ್ಡೂ ಒಟ್ಗೆ ಆಗಕಿಲ್ಲ. ಒಳ್ಳೆ ಗಳ್ಗೆ ಮುಗೀತಾ ಅದೆ."

ಕೆಂಪಿಯನ್ನು ನಾವೆಲ್ಲ ತಳ್ಳಿ ಒಣ ಮಣ್ಣಿಗೆ ತಂದೆವು. ಮೊದಲು ಬೆಂಕಿಯ ಭಯ ತೀರಲೆಂದು ನಾನು ಟ್ಯಾಂಕಿನ ಪೆಟ್ರೋಲನ್ನು ಕ್ಯಾನಿಗೆ ಬಸಿದು, ಉಳಿದದ್ದನ್ನೂ ಚೆಲ್ಲಲು ಕಾರ್ಬುರೇಟರಿನ ಬಟ್ಟಲು ಬಿಚ್ಚಿದೆ. ಗಣೇಶನ ಕಿವಿ ಹರಿದು ಬಂತು. ಗುಂಡು ಮಣ್ಣಿಗೆ ಬಿತ್ತು. ಸಾಕಮ್ಮ ಅದನ್ನೆತ್ತಿ, ಮಣ್ಣಾಗಿದೆಯೆಂದು, ಎತ್ತಿಗೆ ಕುಡಿಯಲಿಟ್ಟಿದ್ದ ಬಕೆಟ್ಟಿನ ನೀರಿಗೆ ಹಾಕಿದಳು.

ಗುಂಡು ಸೀದಾ ತಳಕ್ಕೆ ಹೋಗಿ ಟಣ್ ಎಂದು ಕೂತಿತು.

ಜವರ ಬಕೆಟ್ಟಿನೊಳಗೆ ನೋಡಿದ. "ಅದು ಮುಳುಗ್ಬೇಕಾ ತೇಲ್ಬೇಕಾ?"

ನಾನು ಬಕೆಟ್ಟಿಗೆ ಒಂದು ಸುತ್ತು ಬಂದು ನೋಡಿದೆ. ಬೇರೆ ಉತ್ತರ ಸಿಗಲಿಲ್ಲ. "ತೇಲ್ಬೇಕು."

ಸಾಕಮ್ಮ ರವಿಕೆಯ ತೋಳು ಮಡಿಸಿ ಅದನ್ನು ಹೊರತೆಗೆದು ಆಡಿಸಿದಳು. ಗುಳುಗುಳು. "ಇದ್ರೊಳಗೆ ಪೆಟ್ರೋಲ್ ತುಂಬ್ಕಂಡದೆ. ಎಲ್ಲೋ ತೂತಾಗದೆ. ಅವತ್ತು ಬೊಂಬಾಟಾಗದೆ ಅಂದ್ರಲ್ಲ, ಏನ್ ನೋಡಿ ಅಂದ್ರಿ?"

"ಆಡ್ಸಿ ನೋಡ್ದೆ. ಗುಳುಗುಳು ಅಂತು."

ಬೇರೆ ಊರಾಗಿದ್ದರೆ ಈ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ನಮ್ಮೂರಲ್ಲಿ ಕಾಯಿ ಆಡಿಸಿ ನೋಡದ ಕೈಯೇ ಇಲ್ಲ. ಮೊದಲು ಜವರನಿಗೆ ಹೊಳೆಯಿತು. ಅವನು ಎತ್ತಿನ ಕತ್ತು ಹಿಡಿದು ನಗತೊಡಗಿದ. ಬದುವಿನ ಆಚೆ ನಿಂಗಯ್ಯ, "ಏನಂತೆ, ಏನಂತೆ" ಎಂದ. ಯಾರೋ ಹೇಳಿದರು. ಆಮೇಲೆ ನಗು ಹೊಲದಿಂದ ಹೊಲಕ್ಕೆ ನೀರು ಹಾಯಿಸಿದ ಹಾಗೆ ಹೋಯಿತು.

ನಾನು ನಗಲಿಲ್ಲ. ಹಾರ ಹಾಕಿಕೊಂಡು ಹೊಟ್ಟೆ ಬಿಚ್ಚಿಸಿಕೊಂಡು ನಿಂತ ಕೆಂಪಿಯನ್ನು ನೋಡುತ್ತಿದ್ದೆ. ಅಪ್ಪ ಅಷ್ಟು ವರ್ಷ ಕಾದದ್ದು ಇವತ್ತು ನನ್ನ ಕೈಗೆ ಬಂದಿತ್ತು, ಬಂದದ್ದನ್ನು ನಾನೇ ಕೈಯಾರೆ ಹಾಳು ಮಾಡಿದ್ದೆ. "ನಿಂಗಯ್ಯ, ಜವರ್ನೇ ಒಡೀಲಿ ಬುಡು ಸಾಲ್ನ" ಎಂದು ಕೆಂಪಿಯ ಹಾರವನ್ನು ಬಿಚ್ಚಲು ಹೋದೆ.

ಜವರ ನಗು ನಿಲ್ಲಿಸಿ ಕಣ್ಣೊರೆಸಿಕೊಂಡ. "ಸುಮ್ಕೆ ನಿಂತ್ಕಬ್ಯಾಡ ಕಣ್ಲಾ. ಆ ಹಗ್ಗ ತಗಾ ಇತ್ಲಾಗೆ."

"ಯಾಕೆ?"

"ನನ್ ತಂಗಿ ಉಟ್ಟಿದ್ದು ಎಲ್ಲಿ ಅಂದ್ಕಂಡಿದ್ದೀಯೆ? ನಿಮ್ಮಪ್ಪ ನಮ್ಮವ್ವನ್ನ ಮಂಡ್ಯ ಆಸ್ಪತ್ರೆಗೆ ಕರ್ಕಂಡು ಓಗ್ಬೇಕಾದ್ರೆ ಇದ್ರ ಟ್ರೇಲರ್‌ನಾಗೇ ಉಟ್ಬುಡ್ತು. ನನ್ ಎತ್ತು ಒಂದ್ ಸಲ ಎಳುದ್ರೆ ಕೆಂಪಿ ಮಾನ ಏನ್ ಓಯ್ತದೆ?"

ಹೀಗೆ ನಮ್ಮೂರಿನ ಹೊನ್ನಾರಿನ ಮೆರವಣಿಗೆ ಸಿದ್ಧವಾಯಿತು. ಮುಂದೆ ಜವರ. ಅವನ ಹಿಂದೆ ಬಿಳಿ ಎತ್ತುಗಳು. ಎತ್ತುಗಳ ಹಿಂದೆ, ಹೊಟ್ಟೆಯಲ್ಲಿ ಹನಿ ಪೆಟ್ರೋಲಿಲ್ಲದ ಕೆಂಪು ಟ್ರ್ಯಾಕ್ಟರು. ಅದರ ಹಿಂದೆ ಹಗ್ಗದಲ್ಲಿ ಮರದ ನೇಗಿಲು. ಹೆಸರು ಬಂದವನೇ ಮೇಣಿ ಹಿಡಿಯಬೇಕಾದ್ದರಿಂದ ನೇಗಿಲಿನ ಹಿಂದೆ ನಾನು. ನಿಂಗಯ್ಯ ದೀಪ ಹಚ್ಚಿಟ್ಟು, ಕನ್ನಡಕ ಸರಿಮಾಡಿಕೊಂಡು, "ಎಳೆಯೋದ್ರಲ್ಲಿ ಕೆಂಪು ಬಣ್ಣ ಅದೆ. ಪಂಚಾಂಗಕ್ಕೆ ಸರೋಯ್ತದೆ" ಎಂದು ತೀರ್ಪು ಕೊಟ್ಟ.

ಆದರೆ ಸ್ಟಿಯರಿಂಗ್ ಹಿಡಿಯುವವರು ಬೇಕಲ್ಲ? ಗಂಡಸರೆಲ್ಲ ಕೆಂಪಿಯನ್ನು ಹಿಂದಿನಿಂದ ತಳ್ಳಲು ನಿಂತಿದ್ದರು. ಸಾಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಯಾರನ್ನೂ ಕೇಳಲಿಲ್ಲ. ಕೆಂಪಿಯ ಮೂತಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಹತ್ತಿ, ಅಪ್ಪನ ಸೀಟಿನಲ್ಲಿ ಕೂತಳು.

"ಹೂಂ, ಓಡುಸ್ಲಾ ಜವರ" ಎಂದಳು.

ಕೆಂಪಿ ಮೆಲ್ಲಗೆ ಅಲುಗಿತು. ನೇಗಿಲು ಮಣ್ಣು ಕಚ್ಚಿತು. ಜನ ತಳ್ಳಿದರು, ಎತ್ತು ಎಳೆದವು, ನಾನು ಮೇಣಿಯ ಮೇಲೆ ಭಾರ ಬಿಟ್ಟೆ. ಹಸಿ ಮಣ್ಣಿನ ವಾಸನೆ ಮೇಲೆದ್ದಿತು. ಎಂಜಿನ್ನಿನ ಸದ್ದಿಲ್ಲದೆ ಬರೀ ಗಾಲಿಯ ಕಿರ್ರೆನ್ನುವ ಸದ್ದಿನಲ್ಲಿ ಸಾಲು ಬೀಳತೊಡಗಿತು. ಅದು ನೆಟ್ಟಗೆ ಬೀಳಲಿಲ್ಲ. ಸ್ಟಿಯರಿಂಗ್ ಒಮ್ಮೆ ಬದುವಿನ ಕಡೆ ಹೋಯಿತು, ಒಮ್ಮೆ ಬಾವಿಯ ಕಡೆ ಹೋಯಿತು.

"ನೆಟ್ಟುಗೆ ಓಡ್ಸೆ" ಎಂದು ಕೂಗಿದೆ.

ಅವಳು ತಿರುಗಿ ಕೂಡ ನೋಡಲಿಲ್ಲ. "ನೆಟ್ಟುಗೆ ರಿಪೇರಿ ಮಾಡಿದ್ರೆ ನಾನ್ಯಾಕೆ ಇಲ್ಲಿ ಕೂತ್ಕತಿದ್ದೆ? ಮೇಣಿ ಗಟ್ಯಾಗಿ ಇಡ್ಕಳಿ."

ಗಟ್ಟಿಯಾಗಿ ಹಿಡಿದುಕೊಂಡೆ.

ಆಮೇಲೆ ಮಂಡ್ಯದಲ್ಲಿ ಗುಂಡಿಗೆ ಬೆಸುಗೆ ಹಾಕಿಸಿ ತಂದೆ. ಬೆಸುಗೆ ಹಾಕುವ ಮುಂಚೆ ಒಳಗಿನ ಪೆಟ್ರೋಲನ್ನು ಬಸಿಯಬೇಕೆಂದು ಮೂರು ಜನ ಮೂರು ಸಲ ಹೇಳಿ ಕಳಿಸಿದ್ದರು. ಕೆಂಪಿ ಈಗ ಸೋರುವುದಿಲ್ಲ. ಸಂಜೆ ಹೊತ್ತು ಎಬ್ಬಿಸಿದರೆ ಮೊದಲಿನ ಹಾಗೆಯೇ ನಡುವೆ ಉಸಿರು ಹಿಡಿದು ಮುಂದೆ ಹೋಗುತ್ತದೆ. ಮುದುಕರು ಜಗಲಿಗೆ ಬರುತ್ತಾರೆ. ಮಂಡಿಯಲ್ಲಿ ಮಾತ್ರ ನಾನು ಕಾಯಿಯನ್ನು ಕಿವಿಯ ಹತ್ತಿರ ತಂದ ಕೂಡಲೇ ಸುತ್ತ ಇದ್ದವರು ಕೆಲಸ ನಿಲ್ಲಿಸಿ ನೋಡುತ್ತಾರೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಎರಡೂವರೆ ಎಕರೆ ಜಮೀನು. ಎಂಬತ್ತು ತೆಂಗಿನ ಮರ. ಹೊಲದ ನಡುವೆ ಹಾವು ಹರಿದಂಥ ಸಾಲು ಒಂದು, ಅದರಲ್ಲಿ ಅಲಸಂದೆ ಚೆನ್ನಾಗಿ ಬಂದಿದೆ. ಎಲ್ಲಿಯವೆಂದು ಇನ್ನೂ ಗೊತ್ತಾಗದ ತಿರುಪು ಎರಡು. ಸೋರದ ಟ್ರ್ಯಾಕ್ಟರು ಒಂದು. ಅದಕ್ಕೆ ಡ್ರೈವರು ಒಬ್ಬಳು. ನಾನು ಮತ್ತೆ ಮಡ್‌ಗಾರ್ಡಿನ ಮೇಲೆ.